ಬಿಸಿ ಎನ್ನುವುದು ಕೊನೆಯ ಸುದ್ದಿ

(ಮೈಸೂರಿನ ಬಡಾವಣೆಯೊಂದರ ನಿವಾಸಿಗಳ ಸಂಘದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಗೇಟಿನ ಹತ್ತಿರ ನಿಂತು ಎಣಿಸಿದೆ. ಹನ್ನೊಂದು ಎಲೆಕ್ಟ್ರಿಕ್ ಸ್ಕೂಟರ್, ಎರಡು ಕಾರು, ಒಂದು ಆಟೋ. ನೋಡಿ ಖುಷಿಯಾಯಿತು. ನಾನು ಹತ್ತು ವರ್ಷದಿಂದ ಬ್ಯಾಟರಿ ಪ್ಯಾಕಿನ ಕೆಲಸದಲ್ಲೇ ಇದ್ದೇನೆ. ನನ್ನ ಮನೆಯಲ್ಲೂ ಎಲೆಕ್ಟ್ರಿಕ್ ಸ್ಕೂಟರೇ ಇದೆ. ಹಾಗಾಗಿ ಇವತ್ತು ಹೆದರಿಸುವುದಕ್ಕೆ ಬಂದಿಲ್ಲ. ಆದರೆ ಹೆದರಬೇಡಿ ಎಂದು ಸುಮ್ನೆ ಬೆನ್ನು ತಟ್ಟಿ ಹೋಗುವುದಕ್ಕೂ ಬಂದಿಲ್ಲ.

2022 ನಿಮಗೆ ನೆನಪಿರಬಹುದು. ಮಾರ್ಚ್ ಕೊನೆಯಲ್ಲಿ ಪುಣೆಯ ರಸ್ತೆ ಬದಿಯಲ್ಲಿ ನಿಂತಿದ್ದ ಸ್ಕೂಟರಿನಿಂದ ಹೊಗೆ ಬಂದು, ನೋಡನೋಡುತ್ತಿದ್ದಂತೆ ಅದು ಹೊತ್ತಿ ಉರಿದ ವಿಡಿಯೋ ಎಲ್ಲರ ಫೋನಿಗೂ ಬಂತು. ಅದೇ ದಿನಗಳಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಚಾರ್ಜಿಗೆ ಹಾಕಿದ್ದ ಸ್ಕೂಟರ್ ಹೊತ್ತಿಕೊಂಡು ಅಪ್ಪ, ಮಗಳು ಇಬ್ಬರೂ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ಒಂದು ಕಟ್ಟಡ. ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮು, ಮೇಲೆ ಲಾಡ್ಜು. ಹೊಗೆ ಮೆಟ್ಟಿಲ ದಾರಿಯಲ್ಲೇ ಮೇಲೆ ಹೋಯಿತು. 8 ಜನ ಹೋದರು.

ವೆಲ್ಲೂರು, ಸಿಕಂದರಾಬಾದ್ ಎರಡು ಕಡೆಯೂ ಜನ ಹೋದದ್ದು ಮುಖ್ಯವಾಗಿ ಹೊಗೆಯಿಂದ. ಅಂದರೆ ಅವರಿಗೆ ಬೇಕಾಗಿದ್ದದ್ದು ಕೆಲವೇ ನಿಮಿಷ. ಯಾರೋ ಒಬ್ಬರು, ಏನೋ ಒಂದು, ಮೊದಲೇ ಕೂಗಿ ಎಬ್ಬಿಸಿದ್ದರೆ! ನನ್ನ ಕೆಲಸ ಇರುವುದೇ ಆ ಕೆಲವು ನಿಮಿಷಗಳಿಗಾಗಿ.

ಹಳ್ಳಿಯಿಂದ ಬಂದವರು ಇಲ್ಲಿ ಜಾಸ್ತಿ ಇದ್ದೀರಿ ಅಂದುಕೊಳ್ಳುತ್ತೇನೆ. ಹಸಿ ಹುಲ್ಲನ್ನು ಬಣವೆ ಒಟ್ಟಿದರೆ ಏನಾಗುತ್ತದೆ? ಒಳಗೆ ಕಾವು ಕಟ್ಟುತ್ತದೆ, ಅಲ್ವಾ. ಹೊರಗೆ ಮುಟ್ಟಿದರೆ ತಣ್ಣಗೇ ಇರುತ್ತದೆ. ನಮ್ಮಜ್ಜ ಉದ್ದದ ಕಬ್ಬಿಣದ ಸಲಾಕೆಯನ್ನು ಬಣವೆಯ ಹೊಟ್ಟೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಎಳೆದು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದರು. ಸಲಾಕೆ ಸುಟ್ಟರೆ ಅವತ್ತೇ ಬಣವೆ ಬಿಚ್ಚಿಸುತ್ತಿದ್ದರು. ಹುಟ್ಟುವ ಕಾವು ಜಾಸ್ತಿ, ಹೊರಗೆ ಹೋಗುವ ಕಾವು ಕಮ್ಮಿ. ಉಳಿದ ಕಾವು ಒಳಗಿನದನ್ನು ಇನ್ನಷ್ಟು ಕೆರಳಿಸುತ್ತದೆ. ಅದರಿಂದ ಇನ್ನೂ ಕಾವು. ಬ್ಯಾಟರಿಯಲ್ಲಿ ನಾವು ಥರ್ಮಲ್ ರನ್‌ಅವೇ ಎನ್ನುವುದು ಇದನ್ನೇ. ಬಣವೆಗೆ ದಿನಗಟ್ಟಲೆ ಬೇಕು. ಬ್ಯಾಟರಿಯ ಕೊನೆಯ ಓಟಕ್ಕೆ ಸೆಕೆಂಡುಗಳು ಸಾಕು.

ಈಗ ಈ ಸೆಲ್, ಅಂದರೆ ಪ್ಯಾಕಿನೊಳಗಿನ ಒಂದು ಬಿಡಿ ಬ್ಯಾಟರಿ, ಕೈಯಿಂದ ಕೈಗೆ ಕೊಡಿ. ಪೂರ್ತಿ ಖಾಲಿ ಮಾಡಿ ತಂದಿದ್ದೇನೆ, ಭಯ ಬೇಡ. 21 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ಅದಕ್ಕೇ ಇದರ ಹೆಸರು 21700. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು. ಒಳಗೆ ಎರಡು ಉದ್ದನೆಯ ಲೋಹದ ಪಟ್ಟಿಗಳನ್ನು ಚಾಪೆಯ ಹಾಗೆ ಸುತ್ತಿಟ್ಟಿದ್ದಾರೆ. ಒಂದು ತಾಮ್ರದ್ದು, ಒಂದು ಅಲ್ಯೂಮಿನಿಯಮ್ಮಿನದು. ಎರಡರ ಮೇಲೂ ಚಾರ್ಜ್ ಹಿಡಿದಿಡುವ ಕಪ್ಪು ಮಸಿ ಬಳಿದಿರುತ್ತದೆ. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಪ್ಲಾಸ್ಟಿಕ್ಕಿನ ಒಂದು ಹಾಳೆ. ಅದು ತಲೆಕೂದಲಿಗಿಂತ ತೆಳು. ಇದೆಲ್ಲ ನೆನೆದಿರುವುದು ಒಂದು ದ್ರವದಲ್ಲಿ. ಆ ದ್ರವ ಬೆಂಕಿ ಹಿಡಿಯುವಂಥದ್ದು. ಆ ಕೂದಲೆಳೆಯ ಹಾಳೆ ಗಟ್ಟಿಯಾಗಿರುವ ತನಕ ಎಲ್ಲ ಸರಿ.

ಸುಮಾರು 90 ಡಿಗ್ರಿಯ ಹೊತ್ತಿಗೆ, ಮಸಿಯ ಮೇಲೆ ತಾನಾಗಿ ಕಟ್ಟಿಕೊಂಡಿದ್ದ ಒಂದು ರಕ್ಷಣೆಯ ಪದರ ಒಡೆಯಲು ಶುರುವಾಗುತ್ತದೆ. ಅಲ್ಲಿಂದ ಸೆಲ್ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತದೆ. 130ರ ಆಸುಪಾಸಿನಲ್ಲಿ ಸಾಮಾನ್ಯ ಪಾಲಿಥಿನ್ ಹಾಳೆ ಕರಗುತ್ತದೆ. 200 ದಾಟಿದ ಮೇಲೆ, ನಿಕ್ಕೆಲ್ ಇರುವ ಸೆಲ್ಲುಗಳಲ್ಲಿ ಪಾಸಿಟಿವ್ ಕಡೆಯ ವಸ್ತುವೇ ಒಡೆದು ಆಮ್ಲಜನಕ ಬಿಡುತ್ತದೆ. ಅಂದರೆ ಉರಿಯುವುದಕ್ಕೆ ಬೇಕಾದದ್ದು ಅದರ ಒಳಗೇ ಹುಟ್ಟುತ್ತದೆ. ಕಂಬಳಿ ಹೊದಿಸಿ ಗಾಳಿ ತಪ್ಪಿಸಿದರೆ ಆರುವ ಬೆಂಕಿ ಇದಲ್ಲ. ಲಿಥಿಯಂ ಐರನ್ ಫಾಸ್ಫೇಟ್, ನೀವೆಲ್ಲ ಎಲ್‌ಎಫ್‌ಪಿ ಎನ್ನುವುದು, ಇಷ್ಟು ಸುಲಭವಾಗಿ ಆಮ್ಲಜನಕ ಬಿಡುವುದಿಲ್ಲ. ಅದಕ್ಕೇ ಅದು ವಾಸಿ. ಆದರೆ ವಾಸಿ ಎಂದರೆ ಏನೂ ಆಗುವುದಿಲ್ಲ ಎಂದಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದೆಲ್ಲ ಬಿಸಿಯ ಲೆಕ್ಕವಾಯಿತು. ಹಾಗಾದರೆ ಒಂದು ಥರ್ಮಾಮೀಟರ್ ಇಟ್ಟರೆ ಮುಗಿಯಿತಲ್ಲ? ಬಹಳ ಜನ ಹೀಗೇ ಅಂದುಕೊಳ್ಳುತ್ತಾರೆ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ.

ಒಂದು ಸ್ಕೂಟರ್ ಪ್ಯಾಕಿನ ಲೆಕ್ಕ ಹಾಕೋಣ. ಈ ಸೆಲ್ಲಿನಲ್ಲಿ ಸುಮಾರು 18 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ. 3 ಯೂನಿಟ್ಟಿನ, ಅಂದರೆ 3,000 ವ್ಯಾಟ್-ಅವರಿನ ಪ್ಯಾಕ್ ಬೇಕೆಂದರೆ ಇಂಥವು 168 ಬೇಕು. ಹನ್ನೆರಡು ಹನ್ನೆರಡನ್ನು ಪ್ಯಾರಲಲ್ಲಾಗಿ ಕಟ್ಟಿ ಒಂದೊಂದು ಗುಂಪು ಮಾಡಿ, ಅಂಥ ಹದಿನಾಲ್ಕು ಗುಂಪುಗಳನ್ನು ಸಾಲಾಗಿ ಜೋಡಿಸಿದ್ದೇವೆ ಎಂದುಕೊಳ್ಳಿ. ಈ 168 ಸೆಲ್ಲಿಗೆ ಬಿಸಿ ನೋಡುವ ಸೆನ್ಸರ್ ಎಷ್ಟು? ಮೂರೋ, ನಾಲ್ಕೋ, ಆರೋ. ಇಗೋ, ಇದೇ ಆ ಸೆನ್ಸರು. ಸಾಸಿವೆ ಕಾಳಿನಷ್ಟು ಒಂದು ಕಪ್ಪು ಮಣಿ, ಎರಡು ತಂತಿ. ಇದು ತಾನು ಅಂಟಿಕೊಂಡಿರುವ ಜಾಗದ ಬಿಸಿಯನ್ನು ಹೇಳುತ್ತದೆ, ಅಷ್ಟೇ. ನಾಲ್ಕು ಸೆಲ್ ಆಚೆ ಒಂದು ಸೆಲ್ ಒಳಗೊಳಗೇ ಕುದಿಯುತ್ತಿದ್ದರೆ, ಆ ಕಾವು ಇಲ್ಲಿಗೆ ನಡೆದುಕೊಂಡು ಬರಬೇಕು. ಕಾವು ನಿಧಾನಕ್ಕೆ ನಡೆಯುತ್ತದೆ. ಅದು ಇಲ್ಲಿಗೆ ಬರುವಷ್ಟರಲ್ಲಿ ಅಲ್ಲಿ ಹೊಗೆ ಎದ್ದಿರಬಹುದು. ನಮ್ಮಜ್ಜನ ಸಲಾಕೆ ಬಣವೆಯ ನಡುಮಧ್ಯಕ್ಕೆ ಹೋಗುತ್ತಿತ್ತು. ನಮ್ಮ ಸಲಾಕೆ ಎಲ್ಲೋ ಮೂಲೆಯಲ್ಲಿದೆ.

ಪ್ರತಿ ಸೆಲ್ಲಿಗೂ ಒಂದೊಂದು ಮಣಿ ಕಟ್ಟಿದರೂ ಪೂರ್ತಿ ಉತ್ತರ ಸಿಗುವುದಿಲ್ಲ. ಯಾಕೆಂದರೆ ಕೆಡುವ ಸೆಲ್ ಮೊದಮೊದಲು ಬಿಸಿಯೇ ಆಗುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ.

ತಯಾರಾಗುವಾಗ ಸೆಲ್ಲಿನೊಳಗೆ ಒಂದು ಲೋಹದ ಚೂರು ಬಿತ್ತು ಎನ್ನಿ. ಅಥವಾ ಹಾಳೆ ಮಡಚಿಕೊಂಡಿತು. ಅಥವಾ ಚಳಿಯಲ್ಲಿ ಜೋರಾಗಿ ಚಾರ್ಜ್ ಮಾಡಿ ಒಳಗೆ ಲಿಥಿಯಂ ಸೂಜಿ ಬೆಳೆಯಿತು. ಎರಡು ಪಟ್ಟಿಗಳ ನಡುವೆ ಒಂದು ಸಣ್ಣ ದಾರಿ ಆಯಿತು. ಅದರಲ್ಲಿ 10 ಮಿಲಿಆಂಪಿಯರ್ ಸೋರುತ್ತಿದೆ. ಇದರಿಂದ ಹುಟ್ಟುವ ಕಾವು ಎಷ್ಟು? 0.037 ವ್ಯಾಟ್. ಮನೆಯ ಟಿವಿಯಲ್ಲಿ ಉರಿಯುವ ಸಣ್ಣ ಕೆಂಪು ದೀಪದಷ್ಟು. ಮೈಸೂರಿನ ಬಿಸಿಲಲ್ಲಿ ನಿಂತ ಸ್ಕೂಟರಿನ ಒಳಗೆ ಇಷ್ಟು ಕಾವನ್ನು ಯಾವ ಸೆನ್ಸರೂ ಹಿಡಿಯಲಾರದು.

ಆದರೆ ಸೋರಿಕೆ ಇನ್ನೊಂದು ಕಡೆ ಲೆಕ್ಕ ಬಿಟ್ಟುಹೋಗುತ್ತದೆ. ದಿನಕ್ಕೆ 0.24 ಆಂಪಿಯರ್-ಅವರ್ ಹೋಯಿತು. ಆ ಗುಂಪಿನ ಹನ್ನೆರಡು ಸೆಲ್ ಸೇರಿ ಹಿಡಿಯುವುದು 60 ಆಂಪಿಯರ್-ಅವರ್. ಅಂದರೆ ದಿನಕ್ಕೆ 0.4 ಶೇಕಡಾ. ಉಳಿದ ಹದಿಮೂರು ಗುಂಪುಗಳಿಗೆ ಹೋಲಿಸಿದರೆ ಈ ಗುಂಪಿನ ವೋಲ್ಟೇಜು ದಿನಕ್ಕೆ ಸುಮಾರು 3 ಮಿಲಿವೋಲ್ಟ್ ಇಳಿಯುತ್ತದೆ. ಒಂದು ದಿನದಲ್ಲಿ ಅದು ಅಳತೆಯ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಹತ್ತು ದಿನ ನೋಡಿದರೆ 30 ಮಿಲಿವೋಲ್ಟ್. ಅದು ಕಣ್ಣಿಗೆ ಹೊಡೆಯುತ್ತದೆ.

ಸುಲಭವಾಗಿ ಹೇಳಬೇಕೆಂದರೆ, ಹನ್ನೆರಡು ಸಿಂಟೆಕ್ಸ್ ಟ್ಯಾಂಕನ್ನು ಒಂದೇ ಪೈಪಿಗೆ ಕೂಡಿಸಿದ್ದೀರಿ. ಒಂದರ ತಳದಲ್ಲಿ ತೂತು. ಹನ್ನೆರಡರಲ್ಲೂ ನೀರು ಒಂದೇ ಮಟ್ಟದಲ್ಲಿ ಇಳಿಯುತ್ತದೆ. ಯಾವ ಟ್ಯಾಂಕು ತೂತು ಎಂದು ಗೊತ್ತಾಗುವುದಿಲ್ಲ. ಆದರೆ ಈ ಸಾಲಿನಲ್ಲಿ ಏನೋ ಇದೆ ಎಂದು ಗೊತ್ತಾಗುತ್ತದೆ. ಅಪಾಯವೂ ಅಲ್ಲೇ ಇದೆ. ತೂತು ದೊಡ್ಡದಾದ ದಿನ ಉಳಿದ ಹನ್ನೊಂದೂ ತಮ್ಮ ಪಾಲನ್ನು ಅದೇ ಸೆಲ್ಲಿಗೆ ಸುರಿಯುತ್ತವೆ. ಅದಕ್ಕೇ ಒಳ್ಳೆಯ ಪ್ಯಾಕುಗಳಲ್ಲಿ ಪ್ರತಿ ಸೆಲ್ಲಿಗೂ ಕೂದಲಿನಂಥ ಒಂದು ತಂತಿಯನ್ನು ಫ್ಯೂಸಿನ ಹಾಗೆ ಇಡುತ್ತಾರೆ. ಕರೆಂಟು ಮಿತಿ ಮೀರಿದರೆ ಅದು ಕರಗಿ ಆ ಸೆಲ್ಲನ್ನು ಬೇರೆ ಮಾಡುತ್ತದೆ.

ಇನ್ನೊಂದು ವಿಚಿತ್ರ ಕೇಳಿ. ಪ್ಯಾಕಿನೊಳಗೆ ಬಿಎಂಎಸ್ ಎಂಬ ಬೋರ್ಡಿದೆ. ಅದೇ ಪ್ಯಾಕಿನ ಮೇಸ್ತ್ರಿ. ಗುಂಪುಗಳ ಮಟ್ಟ ಏರುಪೇರಾದರೆ ಸಮ ಮಾಡುವುದು ಅದರ ಕೆಲಸಗಳಲ್ಲಿ ಒಂದು. ಹೇಗೆ ಸಮ ಮಾಡುತ್ತದೆ? ಜಾಸ್ತಿ ಇರುವ ಗುಂಪುಗಳಿಂದ ಸ್ವಲ್ಪ ಸ್ವಲ್ಪ ಸೋರಿಸಿ, ಕಮ್ಮಿ ಇರುವ ಗುಂಪಿನ ಮಟ್ಟಕ್ಕೆ ತರುತ್ತದೆ. ಹದಿಮೂರು ಆರೋಗ್ಯವಂತರ ರಕ್ತ ತೆಗೆದು ಒಬ್ಬ ರೋಗಿಯ ಮಟ್ಟಕ್ಕೆ ಇಳಿಸಿದ ಹಾಗೆ. ಬೆಳಿಗ್ಗೆ ಎದ್ದು ನೋಡಿದರೆ ಹದಿನಾಲ್ಕೂ ಒಂದೇ ಅಂಕಿ. ಸೋರಿಕೆಯ ಸಾಕ್ಷಿ ರಾತ್ರೋರಾತ್ರಿ ಅಳಿಸಿಹೋಯಿತು!

ಹಾಗಾಗಿ ನಾವು ವೋಲ್ಟೇಜನ್ನು ಮಾತ್ರ ನೋಡುವುದಿಲ್ಲ. ಬಿಎಂಎಸ್ ಯಾವ ಗುಂಪಿನಿಂದ ಎಷ್ಟು ಹೊತ್ತು ಸೋರಿಸಿತು ಎಂಬ ಲೆಕ್ಕವನ್ನು ನೋಡುತ್ತೇವೆ. ಒಂದು ತಿಂಗಳಿಂದ ಹದಿಮೂರು ಗುಂಪಿನಿಂದಲೂ ಸೋರಿಸುತ್ತಿದೆ, ಒಂದರಿಂದ ಮಾತ್ರ ಒಂದು ನಿಮಿಷವೂ ಇಲ್ಲ. ಹಾಗಿದ್ದರೆ ಆ ಗುಂಪನ್ನು ಹಿಡಿದು ವಿಚಾರಿಸಬೇಕು.

ಎರಡು ವರ್ಷದ ಹಿಂದೆ ನನ್ನ ಮೇಜಿಗೆ ಇಂಥದ್ದೇ ಒಂದು ಪ್ಯಾಕ್ ಬಂತು. ಸ್ಕೂಟರಿನ ಮಾಲೀಕರು ಒಬ್ಬ ಹಾಲು ಹಾಕುವವರು. ಚಾರ್ಜು ಬೇಗ ಇಳಿಯುತ್ತದೆ ಎಂದು ಸರ್ವಿಸಿಗೆ ಎರಡು ಸಲ ಕೊಟ್ಟಿದ್ದರಂತೆ. ಎರಡು ಸಲವೂ ಎರರ್ ಕೋಡ್ ಅಳಿಸಿ ವಾಪಸ್ ಕೊಟ್ಟಿದ್ದರು. ಲಾಗ್, ಅಂದರೆ ಬಿಎಂಎಸ್ ಬರೆದಿಟ್ಟುಕೊಂಡ ದಾಖಲೆ, ತೆಗೆದು ನೋಡಿದೆ. ಒಂಬತ್ತನೇ ಗುಂಪು ಆರು ವಾರದಿಂದ ದಿನಕ್ಕೆ ನಾಲ್ಕೈದು ಮಿಲಿವೋಲ್ಟ್ ಇಳಿಯುತ್ತಿದೆ. ಬಿಸಿಯ ಗೆರೆ ನೋಡಿದರೆ ಚಪ್ಪಟೆ. 38 ಡಿಗ್ರಿ ಕೂಡ ದಾಟಿಲ್ಲ. ಮುಚ್ಚಳ ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಸಿಹಿ ಸಿಹಿ, ನೈಲ್ ಪಾಲಿಶ್ ಬಾಟಲಿ ತೆರೆದಂಥ ವಾಸನೆ. ಒಂದು ಮೂಲೆಯ ಸೆಲ್ಲಿನ ನೆತ್ತಿಯ ಸುತ್ತ ತುಕ್ಕಿನ ಉಂಗುರ, ಅದರ ಪಕ್ಕ ಒಣಗಿದ ಬಿಳಿ ಕಲೆ. ಯಾವಾಗಲೋ ಮಳೆನೀರು ಸೀಲಿನ ಒಳಗೆ ಹೋಗಿತ್ತು. ಆ ಸೆಲ್ಲನ್ನು ಬಿಡಿಸಿ ಒಂದು ಲೋಹದ ಡಬ್ಬಿಯಲ್ಲಿಟ್ಟು ಅಂಗಳಕ್ಕೆ ಒಯ್ದೆ. ಕೈ ನಡುಗುತ್ತಿತ್ತು. ಅವರು ಆ ಸ್ಕೂಟರನ್ನು ಚಾರ್ಜಿಗೆ ಹಾಕುತ್ತಿದ್ದದ್ದು ಮನೆಯ ಪಡಸಾಲೆಯಲ್ಲಿ, ಮಕ್ಕಳು ಮಲಗುವ ಕೋಣೆಯ ಬಾಗಿಲ ಎದುರಿಗೆ.

ಆ ಪ್ಯಾಕು ಆರು ವಾರ ಹೇಳುತ್ತಲೇ ಇತ್ತು. ಕೇಳಿಸಿಕೊಳ್ಳುವವರು ಇರಲಿಲ್ಲ.

ಇಂಥ ಸೋರಿಕೆಯೆಲ್ಲ ಬೆಂಕಿಯಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಸೆಲ್ಲುಗಳು ಸೋರುತ್ತಲೇ ಮುದಿಯಾಗಿ ಸಾಯುತ್ತವೆ. ಹಾಗೆಯೇ ಬೆಂಕಿಯೆಲ್ಲ ಮುಂಚೆಯೇ ಹೇಳಿಬರುತ್ತದೆ ಎಂದೂ ಅಲ್ಲ. ಅಪಘಾತದಲ್ಲಿ ಪ್ಯಾಕು ಜಜ್ಜಿಹೋದರೆ ತಿಂಗಳ ಲಾಗ್ ಏನು ಮಾಡೀತು?

ಈ ಕೆಲಸ ಎಷ್ಟು ಕಷ್ಟ ಎನ್ನುವುದಕ್ಕೆ ಅಮೆರಿಕದ ಒಂದು ಕತೆ ಇದೆ. ಜನರಲ್ ಮೋಟರ್ಸಿನ ಶೆವರ್ಲೆ ಬೋಲ್ಟ್ ಕಾರು. ಪ್ಯಾಕಿನಲ್ಲಿ 288 ಸೆಲ್, ಮೂರು ಮೂರರ 96 ಗುಂಪು. ನಿಂತಲ್ಲೇ ಕೆಲವು ಕಾರುಗಳಿಗೆ ಬೆಂಕಿ ಬಿತ್ತು. 2020ರ ನವೆಂಬರಿನಲ್ಲಿ ಕಂಪನಿ ಹಳೆಯ ಕಾರುಗಳನ್ನು ವಾಪಸ್ ಕರೆಯಿತು. ಸದ್ಯಕ್ಕೆ 90 ಶೇಕಡಾಕ್ಕಿಂತ ಜಾಸ್ತಿ ಚಾರ್ಜ್ ಆಗದಂತೆ ಮಾಡಿತು. 2021ರಲ್ಲಿ ಕೆಟ್ಟ ಸೆಲ್ಲನ್ನು ಹುಡುಕುವ ಸಾಫ್ಟ್‌ವೇರ್ ಹಾಕಿ, ಸಂಶಯ ಬಂದ ಕಡೆ ಮಾತ್ರ ಬ್ಯಾಟರಿಯ ಭಾಗ ಬದಲಿಸಿ, ಎಲ್ಲ ಸರಿಯಾಯಿತು ಎಂದಿತು. ಜುಲೈ ಹೊತ್ತಿಗೆ, ಹಾಗೆ ಸರಿಮಾಡಿದ ಕಾರುಗಳಲ್ಲೇ ಎರಡು ಹೊತ್ತಿಕೊಂಡವು.

ಕಾರಣ ಹುಡುಕಿದಾಗ ಸಿಕ್ಕಿದ್ದು ಎರಡು ದೋಷ. ಸೆಲ್ಲಿನ ಆನೋಡ್, ಅಂದರೆ ನೆಗೆಟಿವ್ ಕಡೆಯ ಪಟ್ಟಿಯ ತುದಿಯ ಕಿವಿ ಹರಿದಿರುವುದು, ಮತ್ತು ನಡುವಿನ ಹಾಳೆ ಮಡಚಿಕೊಂಡಿರುವುದು. ಎರಡೂ ಒಂದೇ ಸೆಲ್ಲಿನಲ್ಲಿ ಸೇರಿದರೆ ಅಪಾಯ. ಆಗಸ್ಟಿನಲ್ಲಿ ಅಲ್ಲಿಯ ತನಕ ಮಾರಿದ ಬೋಲ್ಟ್ ಕಾರುಗಳನ್ನೆಲ್ಲ, ಸುಮಾರು 1 ಲಕ್ಷ 42 ಸಾವಿರ, ವಾಪಸ್ ಕರೆದರು. ಮಾಲೀಕರಿಗೆ ಹೇಳಿದ್ದೇನು ಗೊತ್ತಾ? ಚಾರ್ಜ್ ಆದ ತಕ್ಷಣ ಕಾರನ್ನು ಹೊರಗೆ ನಿಲ್ಲಿಸಿ. ರಾತ್ರಿ ಮನೆಯೊಳಗೆ ಚಾರ್ಜಿಗೆ ಬಿಟ್ಟು ಮಲಗಬೇಡಿ. ಅಷ್ಟು ದೊಡ್ಡ ಕಂಪನಿ, ಅಷ್ಟೊಂದು ಎಂಜಿನಿಯರುಗಳು. ಕೊನೆಗೆ ಮಾಲೀಕರ ಕೈಗೆ ಉಳಿದದ್ದು ಅಂಗಳ.

ಆ ಕತೆ ಅಲ್ಲಿಗೇ ನಿಲ್ಲಲಿಲ್ಲ. 2023ರಲ್ಲಿ ಆಮೇಲಿನ ಮಾದರಿಯ ಕಾರುಗಳಿಗೆ ಇನ್ನೊಂದು ಸಾಫ್ಟ್‌ವೇರ್ ಬಂತು. ಸುಮಾರು 10,000 ಕಿಲೋಮೀಟರ್ ಓಡುವ ತನಕ 80 ಶೇಕಡಾಕ್ಕೆ ಚಾರ್ಜ್ ಕಟ್ಟಿಹಾಕಿ, ಅಷ್ಟೂ ದೂರ ಬ್ಯಾಟರಿಯನ್ನು ಗಮನಿಸುವುದು. ಏನೂ ಸಿಗದಿದ್ದರೆ ಮಿತಿ ತೆಗೆಯುವುದು. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆ 10,000 ಕಿಲೋಮೀಟರ್. ಒಂದು ಸಲ ಸ್ಟೆತಾಸ್ಕೋಪ್ ಇಟ್ಟು ನೋಡಿ ಚೆನ್ನಾಗಿದ್ದೀರಿ ಎಂದು ಕಳಿಸುವ ಕಾಯಿಲೆ ಇದಲ್ಲ.

ಈಗ ಗ್ಯಾಸಿನ ಮಾತು. ಒಂದು ಸೆಲ್ ಕೈಮೀರಿ ಹೋಗುತ್ತಿದೆ ಎನ್ನಿ. ಒಳಗಿನ ದ್ರವ ಆವಿಯಾಗಿ ಒತ್ತಡ ಏರುತ್ತದೆ. ಸೆಲ್ಲಿನ ನೆತ್ತಿಯಲ್ಲಿರುವ ಬಾಯಿ ಟಪ್ ಎಂದು ಒಡೆಯುತ್ತದೆ. ಆಮೇಲೆ ಕುಕ್ಕರಿನಂಥ ಬುಸ್ ಸದ್ದು. ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್, ಜೊತೆಗೆ ದ್ರವದ ಆವಿ ಹೊರಗೆ ಬರುತ್ತದೆ. ಪರೀಕ್ಷೆಯಲ್ಲಿ ಇದನ್ನು ನಾನು ದಪ್ಪ ಗಾಜಿನ ಆಚೆಯಿಂದ ಎಷ್ಟೋ ಸಲ ನೋಡಿದ್ದೇನೆ. ಮೊದಲ ಟಪ್ ಆದಾಗ ಬಹಳ ಸಲ ಬೆಂಕಿ ಇರುವುದಿಲ್ಲ. ಬಿಳಿ ಹೊಗೆ ಮಾತ್ರ. ಬೆಂಕಿ ಆಮೇಲೆ.

ಆ ನಡುವಿನ ಹೊತ್ತು ನಮ್ಮದು. ಪ್ಯಾಕು ನೀರು ಹೋಗದಂತೆ ಮುಚ್ಚಿದ ಡಬ್ಬಿ. ಒಂದು ಸೆಲ್ ಬಾಯಿ ಬಿಟ್ಟರೂ ಇಡೀ ಡಬ್ಬಿಯ ಗಾಳಿಯ ಒತ್ತಡ ಏರುತ್ತದೆ. ಕಾವು ನಡೆದುಕೊಂಡು ಬರುತ್ತದೆ ಎಂದೆನಲ್ಲ, ಒತ್ತಡ ಹಾಗಲ್ಲ. ಅದು ಸದ್ದಿನ ವೇಗದಲ್ಲಿ ಬರುತ್ತದೆ. ಹಾಗಾಗಿ ಒಂದು ಪ್ಯಾಕಿಗೆ ಒಂದೇ ಒತ್ತಡದ ಸೆನ್ಸರ್ ಸಾಕಾಗಬಹುದು. ಎಲ್ಲಿಟ್ಟರೂ ನಡೆಯುತ್ತದೆ. ಹೈಡ್ರೋಜನ್ ಹಿಡಿಯುವ ಸೆನ್ಸರನ್ನೂ ಇಡಬಹುದು. ನನ್ನನ್ನು ಕೇಳಿದರೆ ಇನ್ನೂ ಹತ್ತು ಬಿಸಿಯ ಮಣಿ ಅಂಟಿಸುವ ಬದಲು ಇವುಗಳಿಗೆ ದುಡ್ಡು ಹಾಕುವುದು ಒಳ್ಳೆಯದು.

ಎಲ್‌ಎಫ್‌ಪಿ ಬಗ್ಗೆ ಆಮೇಲೆ ಹೇಳುತ್ತೇನೆ ಎಂದಿದ್ದೆ. ಅದರಲ್ಲಿ ಬೆಂಕಿ ಸುಲಭಕ್ಕೆ ಹೊತ್ತುವುದಿಲ್ಲ ನಿಜ. ಆದರೆ ಗ್ಯಾಸ್ ಬರುತ್ತದೆ, ಅದರಲ್ಲಿ ಹೈಡ್ರೋಜನ್ ಪಾಲು ಜಾಸ್ತಿ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿಕೊಂಡು ಆಮೇಲೆ ಕಿಡಿ ತಾಗಿದರೆ ಸ್ಫೋಟ. ಯಾವ ಬಗೆಯ ಸೆಲ್ ಆದರೂ ಗ್ಯಾಸ್ ತುಂಬಿದ ಕೋಣೆ ಗ್ಯಾಸ್ ತುಂಬಿದ ಕೋಣೆಯೇ. 2019ರ ಏಪ್ರಿಲಿನಲ್ಲಿ ಅಮೆರಿಕದ ಅರಿಜೋನಾದಲ್ಲಿ, ವಿದ್ಯುತ್ ಕಂಪನಿಯೊಂದರ ಬ್ಯಾಟರಿ ಕಟ್ಟಡದಲ್ಲಿ ಹೀಗೆ ಗ್ಯಾಸ್ ತುಂಬಿಕೊಂಡಿತ್ತು. ಅಗ್ನಿಶಾಮಕದವರು ಬಾಗಿಲು ತೆರೆದ ಮೇಲೆ ಸ್ಫೋಟಿಸಿ ಹಲವರು ಗಾಯಗೊಂಡರು. ಎಲ್‌ಎಫ್‌ಪಿಯಲ್ಲಿ ಇನ್ನೊಂದು ತೊಡಕಿದೆ. ಅರ್ಧ ಚಾರ್ಜಿನ ಆಸುಪಾಸಿನಲ್ಲಿ ಅದರ ವೋಲ್ಟೇಜು ಬಹುತೇಕ ಒಂದೇ ಕಡೆ ನಿಂತಿರುತ್ತದೆ. ನಾನು ಹೇಳಿದ ಮಿಲಿವೋಲ್ಟಿನ ಲೆಕ್ಕ ಅಲ್ಲಿ ಕೈಕೊಡುತ್ತದೆ. ಫುಲ್ ಚಾರ್ಜಿನ ಹತ್ತಿರ ಅಥವಾ ಪೂರ್ತಿ ಇಳಿದಾಗ ನೋಡಬೇಕು.

ಈ ಸೆನ್ಸರೆಲ್ಲ ಇದ್ದರೂ ಬೋರ್ಡು ಎಚ್ಚರ ಇರಬೇಕಲ್ಲ? ಕೀ ತೆಗೆದು ನೀವು ಮನೆಗೆ ಹೋದ ಮೇಲೆ, ಚಾರ್ಜು ಉಳಿಸಲು ಬಿಎಂಎಸ್ಸೂ ಮಲಗುತ್ತದೆ. ಬೆಂಕಿ ಬೀಳುವುದು ನಿಂತ ಗಾಡಿಗಳಿಗೂ ಹೌದು. ಕೆಲವು ನಿಮಿಷಕ್ಕೊಮ್ಮೆ ಎದ್ದು ಸುತ್ತ ನೋಡಿ ಮತ್ತೆ ಮಲಗುವ ಬಿಎಂಎಸ್ ಬೇಕು. ಒತ್ತಡ ಏರಿದರೆ ತಾನಾಗಿ ಎಚ್ಚರವಾಗುವ ಸರ್ಕ್ಯೂಟ್ ಬೇಕು. ರಾತ್ರಿ ಪಹರೆಯವನ ಹಾಗೆ.

2022ರ ಆ ಘಟನೆಗಳ ನಂತರ ನಮ್ಮಲ್ಲಿ ನಿಯಮ ಬಿಗಿಯಾಯಿತು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ ಎಐಎಸ್-156 ಎಂಬ ಮಾನದಂಡ ಇದೆ. ತಿದ್ದುಪಡಿಯ ಮೊದಲ ಹಂತ 2022ರ ಡಿಸೆಂಬರ್ 1ರಿಂದ ಜಾರಿಗೆ ಬಂತು, ಎರಡನೆಯದು 2023ರ ಮಾರ್ಚ್ 31ರಿಂದ. ಸೆಲ್ಲುಗಳ ನಡುವೆ ಜಾಗ ಬಿಡಬೇಕು, ಗ್ಯಾಸ್ ಹೊರಹೋಗಲು ದಾರಿ ಇರಬೇಕು, ಒಂದು ಸೆಲ್ ಹೊತ್ತಿದರೆ ಪ್ಯಾಕಿಗೆ ಏನಾಗುತ್ತದೆ ಎಂದು ಪರೀಕ್ಷಿಸಬೇಕು, ಬಿಸಿ ಮಿತಿ ಮೀರಿದರೆ ದೀಪ ಮತ್ತು ಸದ್ದಿನಿಂದ ಎಚ್ಚರಿಸಬೇಕು. ಕಾರುಗಳ ವಿಷಯದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಬಂದ ನಿಯಮದಲ್ಲೂ, ಚೀನಾದ 2020ರ ನಿಯಮದಲ್ಲೂ ಒಂದು ಅಂಕಿ ಇದೆ. ಒಳಗೆ ಕೂತವರಿಗೆ ಅಪಾಯ ತಟ್ಟುವುದಕ್ಕೆ 5 ನಿಮಿಷ ಮುಂಚೆ ಎಚ್ಚರಿಕೆ ಸಿಗಬೇಕು. ಚೀನಾ ಈಗ ಇನ್ನೂ ಮುಂದೆ ಹೋಗಿದೆ. 2026ರ ಜುಲೈ 1ರಿಂದ ಜಾರಿಗೆ ಬರುವಂತೆ, ಒಂದು ಸೆಲ್ ಕೈಮೀರಿದರೂ ಪ್ಯಾಕು ಹೊತ್ತಿಕೊಳ್ಳಲೇಬಾರದು, ಸಿಡಿಯಲೇಬಾರದು ಎಂಬ ನಿಯಮ ತಂದಿದೆ.

ಕಾರಿನಲ್ಲಿ ಕೂತವರಿಗೆ 5 ನಿಮಿಷ ಸಾಕು. ಬಾಗಿಲು ತೆಗೆದು ಇಳಿಯುತ್ತಾರೆ. ರಾತ್ರಿ ಎರಡು ಗಂಟೆಗೆ ಮೂರನೇ ಮಹಡಿಯಲ್ಲಿ ಮಲಗಿದ ಅಜ್ಜಿಗೆ? ಕೆಳಗೆ ಸ್ಕೂಟರಿನ ಬಜರ್ ಕೀ ಕೀ ಎಂದರೆ ಕೇಳಿಸುತ್ತದಾ? ಇದು ನನ್ನನ್ನು ಬಹಳ ಕಾಡುವ ಪ್ರಶ್ನೆ. ಎಚ್ಚರಿಕೆ ಮಲಗಿದವರ ಫೋನಿಗೆ, ವಾಚ್‌ಮ್ಯಾನ್ ಕೋಣೆಗೆ ಮುಟ್ಟಬೇಕು. ಹಾಗೆಂದು ಸುಮ್ಸುಮ್ನೆ ಕೂಗಬಾರದು. ಬೇಸಿಗೆಯಲ್ಲಿ ಬಿಸಿಲಿಗೆ ನಿಂತದ್ದಕ್ಕೆಲ್ಲ ಅಲಾರಂ ಹೊಡೆದರೆ ಹುಲಿ ಬಂತು ಹುಲಿ ಕತೆಯಾಗುತ್ತದೆ. ಮೂರನೇ ಸಲ ಜನ ಅದರ ವೈರ್ ಕಿತ್ತುಹಾಕುತ್ತಾರೆ. ಅದಕ್ಕೇ ಬಿಸಿ ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎಂದು ನೋಡುತ್ತೇವೆ. ಸೆಕೆಂಡಿಗೆ 1 ಡಿಗ್ರಿಯಂತೆ ಮೂರು ಸೆಕೆಂಡು ಏರಿತು, ಜೊತೆಗೆ ವೋಲ್ಟೇಜೂ ದಿಢೀರ್ ಕುಸಿಯಿತು ಎಂದರೆ ಅದು ಬಿಸಿಲಲ್ಲ. ಎರಡು ಸಾಕ್ಷಿ ಒಂದೇ ಮಾತು ಹೇಳಿದಾಗ ನಂಬಬೇಕು, ತಡಮಾಡದೆ ಕೂಗಬೇಕು.

ಮಾತು ಉದ್ದವಾಯಿತು. ಈಗ ನೀವು ಕೇಳಿ.

ಅಪಾರ್ಟ್‌ಮೆಂಟ್ ಒಂದರ ಸೆಕ್ರೆಟರಿ ಮೇಡಂ ಕೇಳಿದರು: ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಬೇಡ ಎಂದು ರೂಲ್ ಮಾಡಿಬಿಡಲಾ?

ಬೇಡ ಎಂದರೆ ಜನ ಬ್ಯಾಟರಿ ಬಿಚ್ಚಿ ಮನೆಯೊಳಗೆ ಒಯ್ಯುತ್ತಾರೆ ಮೇಡಂ. ಅದು ಇನ್ನೂ ಅಪಾಯ. ಗಾಳಿಯಾಡುವ ಒಂದು ಕಡೆ ಜಾಗ ಮಾಡಿಕೊಡಿ. ಮೆಟ್ಟಿಲ ಕೆಳಗೆ ಮತ್ತು ಲಿಫ್ಟಿನ ಪಕ್ಕ ಮಾತ್ರ ಖಂಡಿತ ಬೇಡ. ಹೊಗೆ ಬಂದರೆ ಎಲ್ಲರೂ ಇಳಿಯಬೇಕಾದ ದಾರಿ ಅದು. ಚಾರ್ಜ್ ಮಾಡುವ ಜಾಗದ ಮೇಲೊಂದು ಹೊಗೆ ಹಿಡಿಯುವ ಸೆನ್ಸರ್ ಹಾಕಿ, ಗಂಟೆಯನ್ನು ಎಲ್ಲ ಮಹಡಿಗೂ ಎಳೆಸಿ.

ಹಿರಿಯರೊಬ್ಬರು: ಬೆಂಕಿ ಬಿದ್ದರೆ ನೀರು ಹಾಕಬಹುದಾ ಸಾರ್? ಕರೆಂಟು ಅಲ್ವಾ?

ನೀವು ಹಾಕಬೇಡಿ ಸಾರ್, ಹತ್ತಿರವೇ ಹೋಗಬೇಡಿ. ಸಾಧ್ಯವಾದರೆ ದೂರದಿಂದ ಮೈನ್ ಆಫ್ ಮಾಡಿ, ಜನರನ್ನು ಕರೆದುಕೊಂಡು ಹೊರಗೆ ಬನ್ನಿ, 112ಕ್ಕೋ 101ಕ್ಕೋ ಫೋನ್ ಮಾಡಿ. ಅಗ್ನಿಶಾಮಕದವರು ನೀರೇ ಹಾಕುತ್ತಾರೆ, ಬಹಳ ಹಾಕುತ್ತಾರೆ. ಅದು ಮುಖ್ಯವಾಗಿ ತಣ್ಣಗೆ ಮಾಡುವುದಕ್ಕೆ. ಆರಿದ ಮೇಲೂ ಗಂಟೆಗಟ್ಟಲೆ ಬಿಟ್ಟು ಮತ್ತೆ ಹೊತ್ತಿಕೊಳ್ಳಬಹುದು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷವೂ ಇರುತ್ತದೆ. ಬಿಳಿ ಹೊಗೆ ಕಂಡರೆ ಆವಿ ಎಂದುಕೊಂಡು ಬಗ್ಗಿ ನೋಡಬೇಡಿ.

ಒಬ್ಬ ಹುಡುಗಿ, ಡಿಪ್ಲೊಮಾ ಓದುತ್ತಿದ್ದಾಳಂತೆ: ನಮ್ಮ ಕಣ್ಣಿಗೆ, ಮೂಗಿಗೆ ಮೊದಲೇ ಗೊತ್ತಾಗುವಂಥದ್ದು ಏನಾದರೂ ಇದೆಯಾ?

ಇದೆಯಮ್ಮ. ಪ್ಯಾಕಿನ ಡಬ್ಬಿ ಉಬ್ಬುವುದು. ಆ ಸಿಹಿ ವಾಸನೆ. ನಿನ್ನೆಯ ತನಕ 80 ಕಿಲೋಮೀಟರ್ ಬರುತ್ತಿದ್ದದ್ದು ಇದ್ದಕ್ಕಿದ್ದಂತೆ 60ಕ್ಕೆ ಇಳಿಯುವುದು. ನಿಂತಲ್ಲೇ ರಾತ್ರಿಯಲ್ಲಿ ಚಾರ್ಜು ಇಳಿಯುವುದು. ಬಿದ್ದ ಗಾಡಿ, ನೀರಲ್ಲಿ ಮುಳುಗಿದ ಗಾಡಿ ಓಡುತ್ತಿದೆ ಎಂದು ಸುಮ್ಮನಾಗಬಾರದು. ಸರ್ವಿಸಿಗೆ ಕೊಟ್ಟಾಗ ಎರರ್ ಕ್ಲಿಯರ್ ಮಾಡಿದೆವು ಎಂದರೆ, ಏನಿತ್ತು ಎಂದು ಕೇಳಿ. ಸೆಲ್ ವೋಲ್ಟೇಜಿನ ಪಟ್ಟಿ ತೋರಿಸಿ ಎನ್ನಿ. ಕೇಳುವುದು ನಿಮ್ಮ ಹಕ್ಕು.

ಎಲ್ಲ ಮುಗಿದು ಕಾಫಿ ಕುಡಿಯುವಾಗ ಆಟೋ ಅಣ್ಣ ಹತ್ತಿರ ಬಂದರು. ಗೇಟಿನ ಹತ್ತಿರ ನಿಂತಿದ್ದ ಆ ಒಂದು ಆಟೋ ಅವರದೇ. ಸಾರ್, ನನ್ನ ಬ್ಯಾಟರಿಗೆ ಬ್ಲೂಟೂತ್ ಇದೆ, ನೋಡ್ತೀರಾ ಎಂದು ಫೋನ್ ತೆಗೆದರು. ಎಲ್‌ಎಫ್‌ಪಿ, ಹದಿನಾರು ಗುಂಪು. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ ನೇರ ಇಲ್ಲಿಗೆ ಬಂದಿದ್ದರು. ಹದಿನೈದು ಅಂಕಿಗಳು 3.34 ವೋಲ್ಟಿನ ಆಸುಪಾಸಿನಲ್ಲಿದ್ದವು. ಏಳನೆಯದು 3.31.

ಇದು ಯಾವಾಗಿನಿಂದ ಹೀಗಿದೆ ಎಂದು ಕೇಳಿದೆ. ಯಾವತ್ತೂ ನೋಡೇ ಇಲ್ಲ ಸಾರ್ ಎಂದರು. ಒಂದು ದಿನದ ಅಂಕಿಯಿಂದ ಏನೂ ಹೇಳಲಾಗದು, ತಂತಿಯ ಜೋಡಣೆ ಸಡಿಲ ಇದ್ದರೂ ಹೀಗೆ ಬರಬಹುದು ಎಂದು ವಿವರಿಸಿದೆ. ಸ್ಕ್ರೀನ್‌ಶಾಟ್ ತೆಗೆಸಿದೆ. ಫುಲ್ ಚಾರ್ಜ್ ಆಗಿ ಎರಡು ಗಂಟೆ ನಿಂತ ಮೇಲೆ ದಿನಾ ಒಂದು ಫೋಟೋ ಕಳಿಸಿ, ಅಲ್ಲಿಯ ತನಕ ರಾತ್ರಿ ಆಟೋವನ್ನು ಮನೆಗೆ ತಾಗಿಸಿ ನಿಲ್ಲಿಸಬೇಡಿ ಎಂದೆ. ಅವರು ನನ್ನ ನಂಬರನ್ನು ಬ್ಯಾಟರಿ ಸಾರ್ ಎಂದು ಸೇವ್ ಮಾಡಿಕೊಂಡರು.

ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಫೋಟೋ ಬಂದಿವೆ. ಏಳನೆಯದು ಇವತ್ತು 3.29. ನಾಳೆ ಪ್ಯಾಕ್ ಬಿಚ್ಚಿಸಿ ನೋಡೋಣ, ಗಾಡಿ ತನ್ನಿ ಎಂದು ಈಗಷ್ಟೇ ಫೋನ್ ಮಾಡಿ ಹೇಳಿದೆ.